ಬೇವಿನ ಕಾಲುಗಳಿಗೆ ಮೇಣ

ಆ ಬೇಸಿಗೆಯನ್ನು ನೆನೆದರೆ ಮೊದಲು ಬರುವುದು ಹಸಿ ಬೇವಿನ ಕಹಿ ವಾಸನೆ, ಅದರ ಹಿಂದೆಯೇ ಕರಗಿದ ಮೇಣದ್ದು. ಎಂಬತ್ತರ ದಶಕ. ಚೊಚ್ಚಲ ಬಸಿರಿನ ವಾಂತಿ ತಾಳದೆ ನಾನು ಮಣ್ಣೂರಿನ ತವರಿಗೆ ಬಂದಿದ್ದೆ. ಕಣ್ಣು ತೆರೆದಿದ್ದರೂ ನಿದ್ದೆ, ಮುಚ್ಚಿದರೂ ಎಚ್ಚರ ಅನ್ನುವಂಥ ದಿನಗಳು. ಒಂದು ಸಂಜೆ ಎದ್ದ ಗಾಳಿಗೆ ಹಿತ್ತಲಿನ ಬೇವು ಉರುಳಿತು. ಅವ್ವ ಆ ಮನೆಗೆ ಸೊಸೆಯಾಗಿ ಬಂದ ವರ್ಷ ನೆಟ್ಟ ಮರ. ಬಿದ್ದ ಕೊಂಬೆಗಳ ನಡುವೆ ಬಹಳ ಹೊತ್ತು ಅಡ್ಡಾಡಿ, "ಇದು ಒಲಿಗೆ ಹೋಗಂಗಿಲ್ಲ. ಮಗಳ ತೊಟ್ಟಲ ಇದರಾಗೇ ಆಗಬೇಕು" ಎಂದಳು. ಚೊಚ್ಚಲ ಕೂಸಿನ ತೊಟ್ಟಿಲು ತವರಿನದೇ ಆಗಬೇಕಲ್ಲ.

ನಮ್ಮ ಓಣಿಯಲ್ಲಿ ಮುಸಲ್ಮಾನರ ಖರಾದಿ ಕಾಕಾ ಇದ್ದರು. ಕಟ್ಟಿಗೆಯನ್ನು ಗರಗರ ತಿರುಗಿಸಿ, ಉಳಿ ಹಿಡಿದು ದುಂಡಗೆ ಮಾಡುವ ಕಸುಬು ಅವರದು. ತೊಟ್ಟಿಲಿನ ಕಾಲಿಗೆಂದು ನಾಲ್ಕು ತುಂಡು ಕೊಯ್ದು ತಲೆ ಅಲ್ಲಾಡಿಸಿದರು.

"ಇನ್ನಾ ಹಸಿ ಅದ ತಂಗಿ. ಈ ಬಿಸಲಿಗೆ ಕೊಯ್ದ ತುದಿ ಮೊದಲ ಆರ್ತದ, ಅಲ್ಲೇ ಸೀಳ್ತದ. ತುದಿಗೆ ಮೇಣ ಹಚ್ಚಿಟ್ರ ಒಳಗಿನ ನೀರ ಸಾವಕಾಶ ಹೋಗ್ತದ."

"ಸೀಳಿದ್ರ?" ಅವ್ವ ಕೇಳಿದಳು.

"ಸೀಳಿದ್ರ ಒಲಿಗೇ ಹಾಕ್ರಿ."

ಅವ್ವ ಒಳಗೆ ಹೋಗಿ, ಕರೆಂಟು ಹೋದಾಗ ಉರಿಸಿ ಉಳಿಸಿದ್ದ ಮೇಣದಬತ್ತಿಯ ಚೂರುಗಳನ್ನೆಲ್ಲ ಡಬ್ಬಿಗೆ ಸುರಿದುಕೊಂಡು ಬಂದು, ಅಂಗಳದ ಸ್ಟೋವಿನ ಮೇಲೆ ನೇರವಾಗಿ ಇಟ್ಟುಬಿಟ್ಟಳು.

"ಅಯ್ಯ, ಇಳಸ್ರಿ ಇಳಸ್ರಿ! ಬದನಿಕಾಯಿ ಪಲ್ಯ ಅಂತ ತಿಳದ್ರೇನು?" ಕಾಕಾ ಓಡಿ ಬಂದರು. ಸ್ಟೋವನ್ನು ಒಣ ಜೋಳದ ಕಣಿಕೆಯ ರಾಶಿಯಿಂದ ದೂರಕ್ಕೆ ಸರಿಸಿದರು. ಬೋಗುಣಿಯಲ್ಲಿ ನೀರು ಕಾಯಿಸಿ, ತಳಕ್ಕೆ ಅರಿವೆ ಹಾಸಿ, ಅದರೊಳಗೆ ಡಬ್ಬಿ ಕೂಡಿಸಿದರು. "ಹೊಗಿ ಕಂಡ್ರ ಇಳಸ್ರಿ. ಹತ್ತಿಕೊಂಡ್ರ ನೀರ ಮಾತ್ರ ಸುರಿಬ್ಯಾಡ್ರಿ, ಉರಿ ಸಿಡದು ಮಾರಿಗೇ ಬರ್ತದ. ತಾಟ ಮುಚ್ಚಿ ಸ್ಟೋವ್ ಆರಸ್ರಿ."

"ಹುಟ್ಟಿದಾಗಿಂದ ಒಲಿ ಮುಂದ ಕುಂತೀನಿ, ನನಗ ಅಡಗಿ ಕಲಸಾಕ ಬಂದಾರ ನಮ್ಮಣ್ಣ" ಎಂದು ಅವ್ವ ಗೊಣಗಿದಳು. ಆದರೆ ತಾಟನ್ನು ಕೈಗೆಟುಕುವಂತೆ ಪಕ್ಕಕ್ಕೇ ಇಟ್ಟುಕೊಂಡಳು.

ನಾನು ದೂರದ ಹೊರಸಿನ ಮೇಲೆ ಮಲಗಿ ನೋಡುತ್ತಿದ್ದೆ. ಬಿಳಿ ಚೂರುಗಳು ಅಂಚಿನಿಂದ ಮೆತ್ತಗಾಗಿ, ಒಂದರೊಳಗೊಂದು ಜಾರಿ, ಕೊನೆಗೆ ಡಬ್ಬಿಯಲ್ಲಿ ಏನೂ ಇಲ್ಲವೇನೋ ಅನ್ನುವಷ್ಟು ತಿಳಿಯಾದವು. ನನ್ನೊಳಗೂ ಏನೋ ಹಾಗೆಯೇ ಸದ್ದಿಲ್ಲದೆ ರೂಪ ಬದಲಿಸುತ್ತಿದೆ ಅನಿಸುತ್ತಿತ್ತು.

ಹಚ್ಚುವ ಮುಂಚೆ ಕಾಕಾ ಒಂದು ಕ್ಷಣ ಕೈ ತಡೆದರು. ಕೊಯ್ದ ಕೂಡಲೇ ಅವ್ವ ಪ್ರತಿ ತುಂಡಿನ ಮೇಲ್ತುದಿಗೂ ಮೂರು ಬೆರಳಿನ ವಿಭೂತಿ ಎಳೆದು ಪೂಜೆ ಮಾಡಿದ್ದಳು.

"ಇದರ ಮ್ಯಾಲೇ ಹಚ್ಚಲೇನು?"

"ಹಚ್ರಿ. ವಿಭೂತಿ ಒಳಗೇ ಇರ್ಲಿ, ಕೂಸಿಗೆ ಛಲೋ."

ಕೆಲವೇ ದಿನಗಳಲ್ಲಿ ಮೇಲ್ತುದಿಗಳ ಮೇಣ ಹಪ್ಪಳದ ಹಾಗೆ ಕಳಚಿ ಬಿತ್ತು. ಅದರ ಬೆನ್ನಿಗೆ ಬೂದಿಯ ಮೂರು ಗೆರೆ ಅಂಟಿಕೊಂಡೇ ಬಂದಿದ್ದವು. ಒಂದು ತುಂಡಿನಲ್ಲಿ ಕೂದಲೆಳೆಯಂಥ ಸೀಳು ಇಳಿದಿತ್ತು.

"ಬೂದಿ ಮ್ಯಾಲ ಮೇಣ ನಿಲ್ಲಂಗಿಲ್ಲ ತಂಗಿ. ಅವತ್ತೇ ಹೇಳಬೇಕಿತ್ತು. ನಿಮ್ಮ ದೇವರದು, ಒರಸ್ರಿ ಅನ್ನಾಕ ನಾಲಗಿ ಏಳಲಿಲ್ಲ."

"ಸ್ಟೋವ್ ಮುಂದ ಮಾತ್ರ ಏಳ್ತದೇನು ನಿಮ್ಮ ನಾಲಗಿ?" ಎಂದಳು ಅವ್ವ. ದನಿ ಮಾತ್ರ ಕುಸಿದಿತ್ತು. ಒದ್ದೆ ಅರಿವೆ ತಂದು ತಾನೇ ತುದಿಗಳನ್ನು ಒರೆಸಿದಳು. ಬೆರಳಿಗೆ ಹತ್ತಿದ ಬೂದಿಯನ್ನು ಎಲ್ಲಿಡುವುದೆಂದು ತಿಳಿಯದೆ ನಿಂತು, ಬಂದು ನನ್ನ ಹಣೆಗೆ ಹಚ್ಚಿದಳು. ತುದಿಗಳು ಆರಿದ ಮೇಲೆ ಇಬ್ಬರೂ ಮತ್ತೆ ನೀರು ಕಾಯಿಸಿ, ಮೇಣ ಕರಗಿಸಿದರು.

ಈ ಸಲ ಮೇಣ ನಿಂತಿತು, ಸೀಳೂ ಮುಂದೆ ಹೋಗಲಿಲ್ಲ. ಮಳೆಗಾಲ ಕಳೆದು ಕಟ್ಟಿಗೆ ಆರಿದ ಮೇಲೆ ಕಾಕಾ ಸೀಳಿದಷ್ಟನ್ನು ಕತ್ತರಿಸಿ, ಅದಕ್ಕೆ ಸರಿಯಾಗಿ ಉಳಿದ ಮೂರನ್ನೂ ಮೊಟಕು ಮಾಡಿ ಖರಾದಿಗೆ ಹಾಕಿ ದುಂಡಗೆ ತಿರುಗಿಸಿದರು.

ಚಳಿಗೆ ಕೂಸು ಬಂತು. ಹೆಸರಿಡಲು ಕೂಡಿದ ಹೆಂಗಸರು ಗಿಡ್ಡ ತೊಟ್ಟಿಲು ನೋಡಿ, "ಇದೇನಬೇ, ಕುರಿಮರಿಗೆ ಮಾಡಿಸೀಯೇನು?" ಎಂದು ನಕ್ಕರು.

"ನನ್ನ ಮಗಳು ತೂಗಾಕ ಎದ್ದು ಕುಂದ್ರಬಾರದು ಅಂತ ಮಾಡಿಸೀನಿ" ಎಂದಳು ಅವ್ವ, ಬಿಗುವಾಗಿ.

ಮಾತು ಸುಳ್ಳಾಗಲಿಲ್ಲ. ನೆಲದ ಮೇಲಿನ ಹಾಸಿಗೆಯಿಂದ ಏಳದೆಯೇ ಕೈ ಚಾಚಿದರೆ ತೊಟ್ಟಿಲಿನ ಅಂಚು ಸಿಗುತ್ತಿತ್ತು. ಒಳಗೆ ಕೈ ಇಟ್ಟು ಹಾಗೇ ಜೋಂಪಿಗೆ ಜಾರುತ್ತಿದ್ದೆ. ತೂಗುತ್ತಿದ್ದುದು ನಾನೋ, ಕೂಸಿನ ಉಸಿರೋ, ತಿಳಿಯುತ್ತಿರಲಿಲ್ಲ.