ಹನ್ನೊಂದು ವರ್ಷದ ಪ್ರವಾಸಿ

ಮೂರನೇ ಮಹಡಿಯ ಬಾಡಿಗೆದಾರರಾದ ಟೂರಿಸ್ಟ್ ರಾಯರು ಈ ದೇಶಕ್ಕೆ ಪ್ರವಾಸ ಬಂದು ಹನ್ನೊಂದು ವರ್ಷವಾಯಿತು. ಪ್ರವಾಸಿ ವೀಸಾ ಸಿಗುವುದು ಮೂರು ತಿಂಗಳಿಗೆ. ಅದು ಮುಗಿಯುವ ಹಿಂದಿನ ದಿನ ತಮ್ಮ ದೇಶಕ್ಕೆ ಹೋಗಿ, ವಾರ ಕಳೆದು ಹೊಚ್ಚ ಹೊಸ ಅತಿಥಿಯಾಗಿ ಮರಳುತ್ತಾರೆ. ಗಡಿಯ ಕೌಂಟರಿಗೆಂದೇ ಅವರದೊಂದು ವೇಷವಿದೆ: ಹುಲ್ಲಿನ ಟೋಪಿ, ಬ್ಯಾಟರಿಯಿಲ್ಲದ ಕ್ಯಾಮೆರಾ, ಮಡಿಕೆ ಬಿಚ್ಚದ ನಕ್ಷೆ. ಅಧಿಕಾರಿ ಬಾಯಿ ತೆರೆಯುವ ಮೊದಲೇ, "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆ ಸಾರ್" ಎಂದು ಹಲ್ಲುಕಿರಿದು ವಾಪಸ್ ಟಿಕೆಟ್ ಚಾಚುತ್ತಾರೆ. ನೋಡುವುದೇನು, ಮಣ್ಣಾಂಗಟ್ಟಿ! ಊರಿನ ವಸ್ತುಸಂಗ್ರಹಾಲಯ ಯಾವ ದಿಕ್ಕಿಗಿದೆಯೆಂದೇ ಅವರಿಗೆ ಗೊತ್ತಿಲ್ಲ. ಗೊತ್ತಿರುವುದು ಯಾವ ನಲ್ಲಿಯಲ್ಲಿ ಎಷ್ಟು ಹೊತ್ತಿಗೆ ನೀರು ಬರುತ್ತದೆ, ಯಾವ ಕ್ಷೌರಿಕ ಕಿವಿಯ ಹಿಂದೆ ಗಾಯ ಮಾಡುತ್ತಾನೆ ಎನ್ನುವುದು. ಕಟ್ಟಡದ ಬಾಡಿಗೆದಾರರ ಸಂಘಕ್ಕೆ ಅವರೇ ಕಾರ್ಯದರ್ಶಿ. ಬೆನ್ನಿಗೆ ಚೀಲ ಹಾಕಿದವರು ಯಾರಾದರೂ ದಾರಿ ಕೇಳಿದರೆ ಸಾಕು, "ಈ ಟೂರಿಸ್ಟುಗಳಿಂದ ನಮ್ಮೂರು ಕೆಟ್ಟು ಕೆರ ಹಿಡೀತು" ಎಂದು ಗೊಣಗುತ್ತಾರೆ. ಪ್ರತಿ ಸಲ ಹೊರಡುವಾಗಲೂ ಮನೆಯೊಡತಿಗೆ ಮರೆಯದೆ, "ಹೋಗಿ ಬರ್ತೀನಮ್ಮ" ಎನ್ನುತ್ತಾರೆ. ಆ ಒಂದು ವಾರ ಅವರು ಉಳಿಯುವುದು ತಾವು ಹುಟ್ಟಿ ಬೆಳೆದ ಮನೆಯಲ್ಲಿ, ತಮ್ಮನ ಸಂಸಾರದೊಂದಿಗೆ. ಬಾಗಿಲು ತೆರೆಯುವ ತಮ್ಮನ ಹೆಂಡತಿ ನಗುನಗುತ್ತಲೇ, "ಬನ್ನಿ ಭಾವ, ಈ ಸಲ ಎಷ್ಟು ದಿನ ಇರ್ತೀರಾ?" ಎಂದು ಕೇಳುತ್ತಾಳೆ. ತಲೆಯ ಮೇಲೆ ಟೋಪಿಯಿಲ್ಲ, ಕೊರಳಲ್ಲಿ ಕ್ಯಾಮೆರಾ ಇಲ್ಲ; ಆದರೂ ರಾಯರ ಕೈ ತಾನಾಗಿ ಜೇಬಿನ ವಾಪಸ್ ಟಿಕೆಟ್ಟಿಗೆ ಹೋಗುತ್ತದೆ. "ಸುಮ್ನೆ ನೋಡ್ಕೊಂಡು ಹೋಗೋಣ ಅಂತ ಬಂದೆನಮ್ಮ" ಎನ್ನುತ್ತಾರೆ. ಆ ಹೊಸ್ತಿಲಲ್ಲಿ ಮಾತ್ರ ಅದು ಸುಳ್ಳಲ್ಲ.