ಗವಾಯಿಗಳ ಬೆನ್ನ ಹಿಂದೆ

ಥರ್ಮಾಸಿನ ಮುಚ್ಚಳಕ್ಕೆ ಚಹಾ ಬಗ್ಗಿಸಿಕೊಂಡು, ಎರಡೂ ಕೈಯಲ್ಲಿ ಅದನ್ನು ಹಿಡಿದು ಕುಡಿಯುವವರನ್ನು ಕಂಡಾಗಲೆಲ್ಲ ನನಗೆ ಸುಶೀಲತ್ತೆ ನೆನಪಾಗುತ್ತಾರೆ. ನನ್ನ ತಂದೆಯ ಅಕ್ಕ. ಹೈದರಾಬಾದಿನ ತಾರ್ನಾಕದಲ್ಲಿ ಮಗ ಗಿರೀಶನ ಜೊತೆಗಿದ್ದರು. ಆಸ್ಪತ್ರೆಗಿರಲಿ, ಮದುವೆಗಿರಲಿ, ಹಸಿರು ಬಣ್ಣದ ಥರ್ಮಾಸು ಚೀಲಕ್ಕೆ ಸೇರದ ಹೊರತು ಅವರು ಹೊಸ್ತಿಲು ದಾಟುತ್ತಿರಲಿಲ್ಲ. ಚಹಾ ಇದ್ದರೆ ಎಲ್ಲಿ ಕೂತರೂ ಅದು ಮನೆಯಾಗುತ್ತದೆ ಎಂಬುದು ಅವರ ನಂಬಿಕೆ.

ಹೈದರಾಬಾದು ಆಗ ಗಾಜಿನ ಕಟ್ಟಡಗಳ ಕನಸು ಕಾಣುತ್ತಿದ್ದ ಕಾಲ. ಪರದೇಶದ ಮಂತ್ರಿಗಳು, ಕಂಪನಿಗಳ ಒಡೆಯರು ಬೆಳಗಾದರೆ ಬಂದಿಳಿಯುತ್ತಿದ್ದರು. ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೂತು ಅವರ ಸುದ್ದಿಗಳನ್ನು ತಿದ್ದುವುದು ನನ್ನ ಕೆಲಸವಾಗಿತ್ತು. ಆ ದಿನಗಳಲ್ಲಿ ಊರಿನ ಪ್ರತಿಯೊಬ್ಬರ ಬಳಿಯೂ ಒಬ್ಬ ಪ್ರಸಿದ್ಧ ವ್ಯಕ್ತಿಯ ಕಥೆ ಇತ್ತು. ಒಬ್ಬರಿಗೆ ಲಿಫ್ಟಿನಲ್ಲಿ ಚಿತ್ರನಟ ಗುಂಡಿ ಒತ್ತಿಕೊಟ್ಟಿದ್ದ. ಇನ್ನೊಬ್ಬರ ಪಕ್ಕದ ಮೇಜಿನಲ್ಲಿ ಕೋಟ್ಯಧೀಶನೊಬ್ಬ ಬಿಸ್ಕತ್ತನ್ನು ಇರಾನಿ ಚಹಾಕ್ಕೆ ಅದ್ದಿ, ಅದು ಮುರಿದು ಬಿದ್ದು ಪೇಚಾಡಿದ್ದ. ಇಂಥ ಕಥೆಗಳಲ್ಲಿ ಪ್ರಸಿದ್ಧರು ಬಹಳ ಸ್ವಲ್ಪವೇ ಇರುತ್ತಾರೆ, ನೀವೂ ಗಮನಿಸಿರಬಹುದು. ಅವರ ಬೆಳಕು ಒಂದು ಗಳಿಗೆ ಹೇಳುವವರ ಮೇಲೆ ಬಿದ್ದಿತ್ತು ಎನ್ನುವುದೇ ಅವುಗಳ ತಿರುಳು.

ಅತ್ತೆಯ ಕಥೆ ಹಳೆಯದು. ಅವರು ರಾಯಚೂರು ಕಡೆಯ ಊರೊಂದರಲ್ಲಿ ಸಂಗೀತ ಕಲಿಯುತ್ತಿದ್ದ ಹುಡುಗಿಯಾಗಿದ್ದಾಗ ಆ ಊರಿಗೆ ಒಬ್ಬ ಗವಾಯಿಗಳು ಕಛೇರಿಗೆ ಬಂದರಂತೆ. ತಂಬೂರಿ ನುಡಿಸುವವನಿಗೆ ಜ್ವರ. ಅತ್ತೆಯ ಸಂಗೀತದ ಮಾಸ್ತರರು ಶಿಷ್ಯೆಯನ್ನೇ ಎಬ್ಬಿಸಿ ಗವಾಯಿಗಳ ಹಿಂದೆ ಕೂರಿಸಿದರಂತೆ. ಮುಂದೆ ಆ ಗವಾಯಿಗಳು ದೇಶವೇ ಬಲ್ಲ ಹೆಸರಾದರು. ‘ಅವತ್ತು ಏನ್ ಹಾಡಿದ್ರಂತೀರಿ, ಮಂದಿ ಕಣ್ಣಾಗ ನೀರು’ ಎಂದು ಅತ್ತೆ ಹೇಳುತ್ತಿದ್ದರು. ಮನೆಯಲ್ಲಿ ಯಾರೂ ನಂಬಿರಲಿಲ್ಲ. ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ಗಿರೀಶ, ಬಂದ ನೆಂಟರಿಗೆಲ್ಲ ‘ನಮ್ಮವ್ವ ಇರಲಿಲ್ಲಂದ್ರ ಅವರಿಗೆ ಹಾಡಾಕ ಬರ್ತಿದ್ದಿಲ್ರಿ’ ಎಂದು ನಗಿಸುತ್ತಿದ್ದ. ಅತ್ತೆಯೂ ನಗುತ್ತಿದ್ದರು. ಆದರೆ ಒಮ್ಮೆ ನನ್ನೊಬ್ಬನಿಗೇ ಹೇಳಿದ್ದರು: ‘ಆ ಮನಷ್ಯಾ ಒಂದ್ ಸಲ ಇವನ ಮುಂದ ಹೌದು ಅಂದ್ರ ಸಾಕಪಾ.’

ಗಿರೀಶ ಪುಣೆಯಿಂದ ಮರಳುವ ದಿನ ನಾನೂ ಅತ್ತೆಯೂ ಬೇಗಂಪೇಟೆಯ ಹಳೆಯ ವಿಮಾನ ನಿಲ್ದಾಣಕ್ಕೆ ಹೋಗಿದ್ದೆವು. ವಿಮಾನ ತಡವಾಗಿತ್ತು. ಯಾರೋ ಪರದೇಶದ ಅತಿಥಿಗಾಗಿ ರಸ್ತೆಗಳನ್ನು ಮುಚ್ಚಿದ್ದರಿಂದ ಕರೆದೊಯ್ಯುವ ಕಾರುಗಳೂ ತಡವಾಗಿದ್ದವು. ಮಧ್ಯಾಹ್ನದ ಬಿಸಿಲು ಗಾಜಿನ ಮೂಲಕ ಸೋಸಿ ಬಂದು, ಜನರೆಲ್ಲ ನೀರಿನೊಳಗೆ ಓಡಾಡುತ್ತಿರುವಂತೆ ಕಾಣುತ್ತಿತ್ತು. ತಂಪುಯಂತ್ರದ ಒಂದೇ ಶ್ರುತಿಯ ಗುಂಯ್‌ಗುಡುವಿಕೆಯಲ್ಲಿ ನಾನು ಅರೆನಿದ್ದೆಗೆ ಜಾರಿದ್ದೆ. ಅತ್ತೆ ಮೊಣಕೈ ತಿವಿದರು. ಎದುರಿನ ಸಾಲಿನ ಕುರ್ಚಿಯಲ್ಲಿ, ಶಾಲು ಹೊದ್ದು, ಕಾರಿಗಾಗಿ ಕಾಯುತ್ತ ಅದೇ ಗವಾಯಿಗಳು ಕುಳಿತಿದ್ದರು.

ಅತ್ತೆ ಮುಚ್ಚಳದ ತುಂಬ ಚಹಾ ಹಿಡಿದುಕೊಂಡೇ ಹೋದರು. ನಾನು ಹಿಂಬಾಲಿಸಿದೆ. ಊರಿನ ಹೆಸರು ಹೇಳಿ, ‘ನಾ ಅವತ್ತು ತಂಬೂರಿಗೆ ಕುಂತಿದ್ದೆರಿ’ ಎಂದರು.

ಗವಾಯಿಗಳು ಚಹಾ ತೆಗೆದುಕೊಂಡು ಪ್ರಸನ್ನರಾಗಿ ನಕ್ಕರು. ‘ನೆನಪೈತ್ರಿ ತಾಯಿ, ಹೆಂಗ ಮರೀಲಿ?’

ಆ ನಗು ನನಗೆ ಪರಿಚಿತ. ದೊಡ್ಡವರು ನಿತ್ಯವೂ ಹಂಚಬೇಕಾದ ದಯೆಯ ನಗು ಅದು. ಅದಕ್ಕೆ ಮುಖ ಗೊತ್ತಿರಬೇಕಿಲ್ಲ. ಅತ್ತೆ ಅಲ್ಲಿಗೇ ಸಂತೋಷಪಟ್ಟು ಹಿಂದಿರುಗಲಿ ಎಂದು ನಾನು ಬಯಸಿದೆ.

‘ಇಲ್ರಿ,’ ಎಂದರು ಅತ್ತೆ. ‘ನೆನಪಿರಾಕ ಸಾಧ್ಯ ಇಲ್ಲ. ನಾ ಹಿಂದ ಕುಂತಿದ್ದೆ. ನೀವು ತಿರುಗಿ ನೋಡಿದವರಽ ಅಲ್ಲ.’

ನಗು ಮುಖದಿಂದ ಮೆಲ್ಲಗೆ ಇಳಿಯಿತು. ಅವರು ಅತ್ತೆಯನ್ನು ಈಗ ನಿಜವಾಗಿ ನೋಡಿದರು. ‘ಹಂಗಾದ್ರ ನೀವಽ ಹೇಳ್ರಿ. ಅವತ್ತು ಹೆಂಗ ಹಾಡಿದ್ದೆ ನಾ?’

ಮಂದಿಯ ಕಣ್ಣೀರಿನ ಮಾತು ಬರುತ್ತದೆಂದು ನಾನು ಕಾದೆ. ‘ದನಿ ಹತ್ತಲಿಲ್ರಿ ಅವತ್ತು. ಮ್ಯಾಲ ಹೋದಾಗೊಮ್ಮೆ ಒಡೀತಿತ್ತು. ಮುಂದ ಕುಂತವರು ಒಬ್ಬೊಬ್ಬರಽ ಎದ್ದು ಹೋಗಾಕತ್ತಿದ್ರು.’

ಗವಾಯಿಗಳು ಚಹಾದ ಮುಚ್ಚಳವನ್ನು ಪಕ್ಕದ ಕುರ್ಚಿಯ ಮೇಲಿಟ್ಟರು. ‘ಆ ಊರು,’ ಎಂದರು ನಿಧಾನವಾಗಿ. ‘ಎದ್ದುಬಿಡಬೇಕಂತ ಶಾಲು ಕೈಯಾಗ ತಗೊಂಡಿದ್ದೆ. ತಬಲಾದಾಂವನೂ ಕೈ ಬಿಟ್ಟಿದ್ದ. ಹಿಂದ ತಂಬೂರಿ ಮಾತ್ರ ನಿಲ್ಲವಲ್ದು. ಅದು ನಿಲ್ಲಲಿಲ್ಲ, ನಾ ಏಳಲಿಲ್ಲ. ಅವತ್ತು ಎದ್ದಿದ್ರ ಮತ್ತೊಮ್ಮೆ ಕೂಡತಿದ್ದಿಲ್ಲ ನಾನು.’

‘ನಿಲ್ಲಸೂದು ಯಾವಾಗ ಅಂತ ನನಗ ಗೊತ್ತಿದ್ದಿಲ್ರಿ,’ ಎಂದರು ಅತ್ತೆ. ‘ಮಾಸ್ತರು ಬಾರಸು ಅಂದಿದ್ರು. ನಿಲ್ಲಸು ಅಂತ ಯಾರೂ ಅನ್ನಲಿಲ್ಲ.’

ಗವಾಯಿಗಳು ಮೈಯೆಲ್ಲ ಕುಲುಕುವಂತೆ ನಕ್ಕರು. ನಗುತ್ತಲೇ ಕಣ್ಣೊರೆಸಿಕೊಂಡು ನನ್ನತ್ತ ತಿರುಗಿದರು. ‘ಇವರು?’

‘ತಮ್ಮನ ಮಗರಿ. ಪೇಪರಿನಾಗ ಅದಾನ.’

ಅವರ ಮುಖದಲ್ಲಿ ಏನೋ ಸಣ್ಣದಾಗಿ ಮುಚ್ಚಿಕೊಂಡಿತು. ಅತ್ತೆ ಅದನ್ನು ನನಗಿಂತ ಮೊದಲು ಕಂಡರು. ‘ಅಂವ ಬರಿಯಂಗಿಲ್ರಿ,’ ಎಂದರು, ನನ್ನನ್ನು ಕೇಳದೆಯೇ.

ಆ ಮಾತಿಗೆ ನಾನು ಇಂದಿಗೂ ಬದ್ಧ. ಅದಕ್ಕೇ ಇಲ್ಲಿ ಅವರ ಹೆಸರಿಲ್ಲ, ಊರಿನ ಹೆಸರಿಲ್ಲ. ರಾಯಚೂರು ಎಂದದ್ದೂ ದಿಕ್ಕು ತಪ್ಪಿಸಲು.

ಕಾರು ಬಂತು. ಗವಾಯಿಗಳು ಅತ್ತೆಗೆ ಬಾಗಿ ಕೈಮುಗಿದು ಹೊರಟರು. ಅವರು ಬಾಗಿಲು ದಾಟುತ್ತಿದ್ದಂತೆಯೇ ಗಿರೀಶ ಪೆಟ್ಟಿಗೆ ಎಳೆಯುತ್ತ ಬಂದ.

‘ಯವ್ವಾ, ನಿನ್ನ ಗವಾಯಿಗಳು ಹೊಂಟಾರಲ್ಲ. ಮಾತಾಡಿಸಿದೇನು? ಗುರ್ತು ಹಿಡಿದ್ರಾ?’

ಎಷ್ಟೋ ವರ್ಷ ಕಾದಿದ್ದ ಪ್ರಶ್ನೆ. ಉತ್ತರ ಈಗ ಕೈಯಲ್ಲಿತ್ತು, ಸಾಕ್ಷಿ ಪಕ್ಕದಲ್ಲಿತ್ತು. ಆದರೆ ಗವಾಯಿಗಳು ಅತ್ತೆಯನ್ನು ಗುರುತಿಸಿದ್ದು ಅವತ್ತು ಒಡೆದ ತಮ್ಮ ದನಿಯ ಮಾತಿನಿಂದ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಡುವಂತಿರಲಿಲ್ಲ. ಗಿರೀಶ ಹೇಗೆ, ಏನು ಎಂದು ಕೇಳದೆ ಬಿಡುವವನಲ್ಲ.

‘ಎಲ್ಲಿ ಹಿಡೀತಾರಪಾ,’ ಎಂದರು ಅತ್ತೆ. ‘ದೊಡ್ಡ ಮಂದಿ. ಚಹಾ ಕುಡದು ಹೋದ್ರು.’

‘ನಾ ಹೇಳಿದ್ದಿಲ್ಲಾ?’ ಗಿರೀಶ ನನ್ನತ್ತ ಕಣ್ಣು ಮಿಟುಕಿಸಿದ.

ನಾನು ಅವನ ಪೆಟ್ಟಿಗೆಯ ಹಿಡಿಕೆ ತೆಗೆದುಕೊಂಡೆ. ಸುದ್ದಿಯೊಂದನ್ನು ನಾಲ್ಕು ಕಡೆ ವಿಚಾರಿಸಿ ಖಾತ್ರಿ ಮಾಡಿಕೊಳ್ಳುವುದೇ ದೊಡ್ಡದೆಂದು ನಾನು ಅಂದಿನವರೆಗೆ ತಿಳಿದಿದ್ದೆ. ಖಾತ್ರಿಯಾದ ಸುದ್ದಿಯನ್ನು ಇನ್ನೊಬ್ಬರಿಗಾಗಿ ಒಳಗೇ ಇಟ್ಟುಕೊಳ್ಳುವುದನ್ನು ನಮ್ಮ ಡೆಸ್ಕಿನಲ್ಲಿ ಯಾರೂ ಕಲಿಸಿರಲಿಲ್ಲ.

ತಾರ್ನಾಕದ ದಾರಿಯಲ್ಲಿ, ಹಿಂದಿನ ಸೀಟಿನಿಂದ, ಅತ್ತೆ ಎಂದಿನ ದನಿಯಲ್ಲೇ ಶುರುಮಾಡಿದರು: ‘ಆದ್ರೂ ಗಿರೀಶಾ, ಅವತ್ತು ಏನ್ ಹಾಡಿದ್ರಂತಿ. ಮಂದಿ ಕಣ್ಣಾಗ ನೀರು.’

ಗಿರೀಶ ನಕ್ಕು ನನ್ನ ಭುಜ ತಟ್ಟಿದ. ‘ಏನೋ ಪೇಪರಿನಾಂವ, ಖರೇ ಅಂತೀಯಾ?’

‘ಖರೆ,’ ಎಂದೆ.