ಓಬಮ್ಮ ಟೀಚರ್ ವಾಪಸ್ ಪಡೆದ ಪ್ರಶ್ನೆ

ಓಬಮ್ಮ ಟೀಚರ್ ಬೀಗವನ್ನು ಒಳಗಿನಿಂದ ಹಾಕುತ್ತಿದ್ದರು. ವರ್ಷಕ್ಕೊಮ್ಮೆ ನಮ್ಮ ಚಳ್ಳಕೆರೆ ಶಾಲೆಯಲ್ಲಿ ರಸಪ್ರಶ್ನೆ ಸ್ಪರ್ಧೆ. ಆ ದಿನ ಬೆಳಿಗ್ಗೆ ಎಂಟಕ್ಕೆ ಪ್ರಶ್ನೆ ಬರೆಯಲೆಂದು ನನ್ನನ್ನು ನಕಾಶೆ ಇಡುವ ಕೋಣೆಗೆ ಕರೆದೊಯ್ದು, ಬೀಗ ಜಡಿದು, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರೆ ಮಧ್ಯಾಹ್ನ ಮೂರರ ತನಕ ಬಿಡುಗಡೆಯಿಲ್ಲ. ಊಟಕ್ಕೆ ಮಂಡಕ್ಕಿ, ಮೆಣಸಿನಕಾಯಿ. ಇದ್ದ ಒಂದು ಕಿಟಕಿಯನ್ನೂ ಮುಚ್ಚಿಸುತ್ತಿದ್ದರು. ಸೆಕೆಗೆ ಜೀವ ಹೋಗುತ್ತಿತ್ತು.

"ಪ್ರಶ್ನೆ ಕದಿಯೋಕೆ ಇಲ್ಲಿಗೆ ಯಾರು ಬರ್ತಾರೆ ಟೀಚರ್?" ಎಂದು ಗೊಣಗಿದರೆ, "ಬೀಗ ಹೊರಗಿನವರಿಗಲ್ಲ ಮೇಷ್ಟ್ರೇ, ಒಳಗಿರೋರಿಗೆ" ಎನ್ನುತ್ತಿದ್ದರು.

ಅವರು ಸಿದ್ದಾಪುರದವರು. ಸಿಟ್ಟು ನೆತ್ತಿಗೇರಿದರೆ ಬಾಯಲ್ಲಿ ತೆಲುಗು ಬರುತ್ತಿತ್ತು. ಬರೆಯುವುದು ಇಬ್ಬರೂ ಆದರೂ ತೀರ್ಪು ಅವರದೇ. ಒಮ್ಮೆ ನಾನು, "ಬ್ರಹ್ಮಗಿರಿಯ ಅಶೋಕನ ಶಾಸನವಿರುವ ಬಂಡೆಗೆ ಊರವರು ಏನೆನ್ನುತ್ತಾರೆ?" ಎಂದು ಬರೆದುಕೊಟ್ಟೆ.

"ಥೂ, ಇದೊಂದು ಪ್ರಶ್ನೆ ಏನ್ರೀ? ಗೊತ್ತಿದ್ದೋನು ಹೇಳ್ತಾನೆ, ಗೊತ್ತಿಲ್ದೋನು ಕಣ್ಕಣ್ ಬಿಡ್ತಾನೆ. ಅವನಿಗೂ ಒಂದು ದಾರಿ ಬಿಡ್ರೀ! ಉತ್ತರ ಕೇಳಿದ್ಮೇಲೆ ಅಯ್ಯೋ, ಇಷ್ಟೇನಾ ಅಂತ ಹಣೆ ಚಚ್ಕೋಬೇಕು."

ಅರ್ಧ ಗಂಟೆ ಕೂತು ತಿದ್ದಿದರು. "ಬ್ರಹ್ಮಗಿರಿಯ ತಪ್ಪಲಲ್ಲಿ ಒಂದು ಬಂಡೆ. ಅದರ ಮೇಲಿದ್ದದ್ದನ್ನು ಊರವರಿಗೆ ಓದಲು ಬರುತ್ತಿರಲಿಲ್ಲ. ಆದರೂ ಅದೇನೆಂದು ಗುರುತಿಸಿ, ಅದನ್ನೇ ಬಂಡೆಗೆ ಹೆಸರಿಟ್ಟರು. ಯಾವ ಹೆಸರು?"

ಅಕ್ಷರ ಗುಂಡು. ಗುಂಡೆಂದರೆ ನಮ್ಮ ಕಡೆ ಬಂಡೆ. ಉತ್ತರ ಗೊತ್ತಿದ್ದ ನನಗೂ ಮೈ ಜುಮ್ಮೆಂದಿತು. "ಇದು ಕೊನೇ ಸುತ್ತಿಗೆ" ಎಂದು ಎತ್ತಿಟ್ಟರು.

ಆ ವರ್ಷ ನನ್ನ ಮಗಳು ಸುಮಾ ಸ್ಪರ್ಧೆಯಲ್ಲಿದ್ದಳು. ಹಿಂದಿನ ವರ್ಷ ಒಂದೇ ಅಂಕದಿಂದ ಸೋತು, ಈ ಸಲವೂ ಸೋತರೆ ಇನ್ನು ವೇದಿಕೆಯನ್ನೇ ಹತ್ತುವುದಿಲ್ಲ ಎಂದು ಹಟ ಹಿಡಿದಿದ್ದಳು. "ಈ ಸಲ ನನ್ನನ್ನು ಬಿಡಿ ಟೀಚರ್" ಎಂದು ಮೊದಲೇ ಬೇಡಿಕೊಂಡಿದ್ದೆ. "ಇರ್ಲಿ ಬಿಡ್ರಿ. ನಿಮ್ಮನ್ನ ನಂಬದೆ ಇನ್ಯಾರನ್ನ ನಂಬ್ಲಿ?" ಎಂದಿದ್ದರು.

ಹನ್ನೆರಡರ ಹೊತ್ತಿಗೆ ಅವ್ವನ ಬಿ.ಪಿ. ಮಾತ್ರೆ ನನ್ನ ಜೇಬಿನಲ್ಲೇ ಉಳಿದದ್ದು ಕೈಗೆ ತಾಗಿತು. ಮನೆ ಎರಡು ಬೀದಿ ಆಚೆ. ಟೀಚರ್ ಮೊದಲ ಬಾರಿಗೆ ಸೆರಗಿನ ಗಂಟು ಬಿಚ್ಚಿದರು.

ಮನೆಯಲ್ಲಿ ಸುಮಾ ಪುಸ್ತಕ ಹಿಡಿದು ಬೆವರುತ್ತಿದ್ದಳು. ಕೈ ಮುಟ್ಟಿದರೆ ತಣ್ಣಗಿತ್ತು. ಹಾಳಾದ ಕರುಳು, ತಡೆಯಲಿಲ್ಲ. ಅವಳಿಗೆ ಅನುಮಾನ ಬಾರದಂತೆ ಐದು ಸಂಗತಿ ನೆನಪಿಸಿದೆ. ನಾಲ್ಕು ಯಾತಕ್ಕೂ ಬೇಡದವು. ಐದನೆಯದು ಅಕ್ಷರ ಗುಂಡು.

ಕೊನೆಯ ಸುತ್ತಿನಲ್ಲಿ ಸುಮಾ ಮತ್ತು ನಾಯಕನಹಟ್ಟಿಯ ಹುಡುಗಿ ಸಮ ಸಮ. ಟೀಚರ್ "ಬ್ರಹ್ಮಗಿರಿಯ ತಪ್ಪಲಲ್ಲಿ" ಎನ್ನುತ್ತಿದ್ದಂತೆ ಸುಮಾ ಗಂಟೆ ಒತ್ತಿ, "ಅಕ್ಷರ ಗುಂಡು!" ಎಂದಳು. ಚಪ್ಪಾಳೆ. ಟೀಚರ್ ಅವಳನ್ನು ನೋಡಲಿಲ್ಲ, ನನ್ನನ್ನು ನೋಡಿದರು.

"ತಪ್ಪಾಯ್ತು ಕಣ್ರಪ್ಪಾ" ಎಂದರು ಮೈಕಿನಲ್ಲಿ. "ಈ ಪ್ರಶ್ನೆ ನಾನು ಸರಿಯಾಗಿ ಬರ್ದಿಲ್ಲ. ವಾಪಸ್ ತಗಂತೀನಿ."

ಮುಂದಿನ ಪ್ರಶ್ನೆಗೆ ನಾಯಕನಹಟ್ಟಿಯ ಹುಡುಗಿ ಗೆದ್ದಳು. "ನಾನು ಹೇಳಿದ್ದು ಸರಿ ಇತ್ತಲ್ಲಪ್ಪಾ! ಅವರ ತಪ್ಪಿಗೆ ನಾನ್ಯಾಕೆ ಸೋಲ್ಬೇಕು?" ಎಂದು ಸುಮಾ ಬಿಕ್ಕಿದಳು. ಟೀಚರ್ ತಪ್ಪಿಲ್ಲವೆಂದರೆ ತಪ್ಪು ಯಾರದೆಂದೂ ಹೇಳಬೇಕಿತ್ತು. ಶಾಲೆಯ ಮುಂದಿನ ಸಭೆಯಲ್ಲಿ ಹಿರಿಯರೊಬ್ಬರು, "ಪಾಪ, ವಯಸ್ಸಾಯ್ತು, ಮರೆವು" ಎಂದು ಪ್ರಶ್ನೆ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಅಲ್ಲೂ ಬಾಯಿಗೆ ಬೀಗ.

ನಿವೃತ್ತರಾಗಿ ಊರಿಗೆ ಹೊರಡುವ ಮುನ್ನ ಕೀಲಿ ಕೊಡಲು ಟೀಚರ್ ತಾವೇ ಮನೆಗೆ ಬಂದರು. ಅದೇ ಕೊನೆಯ ಭೇಟಿ. "ಟೀಚರ್, ಆ ದಿನ..." ಎಂದು ಬಾಯಿ ತೆರೆದೆ.

"ಮಾತ್ರೆ ಅವ್ವಂಗೆ ಕೊಟ್ರಾ?"

"ಕೊಟ್ಟೆ."

"ಹಂಗಾರೆ ಸಾಕು ಬಿಡ್ರಿ. ಬರ್ತೀನಿ."

ಈಗ ಸುಮಾ ಬಿ.ಜಿ. ಕೆರೆಯಲ್ಲಿ ಟೀಚರ್. ಮೊನ್ನೆ ಓಬಮ್ಮ ಟೀಚರ್ ತೀರಿಕೊಂಡಾಗ ಶ್ರದ್ಧಾಂಜಲಿ ಸಭೆಯಲ್ಲಿ ಮಾತಾಡಿದಳು. "ಅವರು ಜೀವನದಲ್ಲಿ ಬರೆದದ್ದು ಒಂದೇ ತಪ್ಪು ಪ್ರಶ್ನೆ, ಅದು ನನ್ನ ಪಾಲಿಗೇ ಬಂತು" ಎಂದಾಗ ಎಲ್ಲರೂ ಪ್ರೀತಿಯಿಂದ ನಕ್ಕರು. ನಾನೂ ನಕ್ಕೆ.

ಮನೆಗೆ ಬಂದು ಇದನ್ನು ಬರೆಯುತ್ತಿದ್ದೇನೆ. ನಾನು ಬರೆದದ್ದನ್ನೆಲ್ಲ ಮೊದಲು ಓದುವವಳು ಅವಳೇ.

ಸುಮಾ, ಆ ಪ್ರಶ್ನೆ ಸರಿಯಾಗಿಯೇ ಇತ್ತು ಕಣವ್ವಾ.